ಕೆಂದಳಿಲು ನೆಗೆಯಬೇಕಾದ ಹಾಗೆ ನೆಗೆಯುವವರೆಗೆ

“ಮಾವ, ನಾ ಒತ್ತಿದ್ದೆ! ಅದು ಹಾರ್ಲೇ ಇಲ್ಲ.”

ಅಕ್ಕನ ಮಗನಿಗೆ ಆಗ ಹತ್ತು ವರ್ಷ. ಬೇಸಿಗೆ ರಜೆಗೆಂದು ಶಿರಸಿಯಿಂದ ಬೆಂಗಳೂರಿಗೆ, ನಮ್ಮ ಮನೆಗೆ ಬಂದಿದ್ದ. ಆಫೀಸಿನ ಕೆಲಸ ಮುಗಿಸಿ ರಾತ್ರಿ ಹೊತ್ತು ನಾನೊಬ್ಬನೇ ಕೂತು ಮಾಡುತ್ತಿದ್ದ ಗೇಮನ್ನು ಬೇರೆಯವರ ಕೈಗೆ ಕೊಟ್ಟದ್ದು ಅವತ್ತೇ ಮೊದಲು. ಕೆಂದಳಿಲೊಂದು ಮರದಿಂದ ಮರಕ್ಕೆ ನೆಗೆಯುತ್ತ, ಹಳ್ಳ ದಾಟುತ್ತ, ಘಟ್ಟ ಇಳಿದು ಕಡಲ ತೀರ ಸೇರುವ ಪ್ಲಾಟ್‌ಫಾರ್ಮ್ ಗೇಮ್ ಅದು. ಮೂರನೇ ಸ್ಕ್ರೀನಿನಲ್ಲೇ ಹುಡುಗ ಹಳ್ಳಕ್ಕೆ ಬಿದ್ದ. ಮತ್ತೆ ಬಿದ್ದ. ಮೂರನೇ ಸಲ ಬಿದ್ದಾಗ ಫೋನ್ ಕೆಳಗಿಟ್ಟು ಆ ಮಾತು ಹೇಳಿದ.

ಸೋತ ಮಕ್ಕಳು ಹೀಗೆ ಹೇಳುವುದು ಇದ್ದದ್ದೇ ಅಂತ ಸುಮ್ಮನಿರಬಹುದಿತ್ತು. ಆದರೆ ಅವನ ಮುಖದಲ್ಲಿ ಇದ್ದದ್ದು ಸೋತ ಸಿಟ್ಟಲ್ಲ, ಮೋಸ ಹೋದ ಬೇಸರ. ರಾತ್ರಿ ಅವನು ಮಲಗಿದ ಮೇಲೆ, ಬಟನ್ ಒತ್ತಿದ ಕ್ಷಣವನ್ನೂ ಅಳಿಲಿನ ಕಾಲು ನೆಲ ಬಿಟ್ಟ ಕ್ಷಣವನ್ನೂ ಒಂದು ಫೈಲಿಗೆ ಬರೆದಿಡುವ ಹಾಗೆ ಕೋಡ್ ಸೇರಿಸಿದೆ. ಬೆಳಿಗ್ಗೆ ಮತ್ತೆ ಅವನಿಗೇ ಆಡಲು ಕೊಟ್ಟೆ. ಗೇಮ್ ಓಡುವುದು ಸೆಕೆಂಡಿಗೆ 60 ಫ್ರೇಮ್‌ನಂತೆ. ಒಂದು ಫ್ರೇಮ್ ಎಂದರೆ ಪರದೆಯ ಮೇಲೆ ಬಂದುಹೋಗುವ ಒಂದು ಚಿತ್ರ, ಸುಮಾರು 16.7 ಮಿಲಿಸೆಕೆಂಡ್. ಫೈಲ್ ತೆರೆದು ನೋಡಿದರೆ ಹುಡುಗ ಹೇಳಿದ್ದು ನಿಜ. ಬಿದ್ದಾಗೆಲ್ಲ ಅವನು ಒತ್ತಿದ್ದ. ಒಮ್ಮೆ ಅಂಚು ದಾಟಿ 3 ಫ್ರೇಮ್ ಆದ ಮೇಲೆ, ಒಮ್ಮೆ 4, ಇನ್ನೊಮ್ಮೆ ಬರೀ 2.

ಕೋಡಿನ ಲೆಕ್ಕದಲ್ಲಿ ಅಳಿಲು ಆಗಲೇ ಗಾಳಿಯಲ್ಲಿತ್ತು, ಗಾಳಿಯಲ್ಲಿರುವಾಗ ನೆಗೆಯಲು ಬರುವುದಿಲ್ಲ. ಅವನ ಕಣ್ಣಿನ ಲೆಕ್ಕದಲ್ಲಿ ಅದು ಇನ್ನೂ ಕೊಂಬೆಯ ಮೇಲಿತ್ತು. ನಾನು ಬಿಡಿಸಿದ ಅಳಿಲು ಬಾಲ ಸೇರಿ 26 ಪಿಕ್ಸೆಲ್, ಅಂದರೆ ಪರದೆಯ 26 ಚುಕ್ಕೆಯಷ್ಟು ಅಗಲ. ನೆಲ ಇದೆಯೋ ಇಲ್ಲವೋ ಎಂದು ಕಂಪ್ಯೂಟರ್ ನೋಡುವ ಪೆಟ್ಟಿಗೆಯ ಅಗಲ 10 ಪಿಕ್ಸೆಲ್ ಮಾತ್ರ. ಪೆಟ್ಟಿಗೆ ಅಂಚು ದಾಟಿ ಹೋದರೂ ಆ ಪೊದೆಯಂಥ ಬಾಲ ಕೊಂಬೆಯ ಮೇಲೇ ಉಳಿದಿರುತ್ತಿತ್ತು. ಕಣ್ಣು ನಂಬುವುದು ಬಾಲವನ್ನು, ಪೆಟ್ಟಿಗೆಯನ್ನಲ್ಲ. ಆಡುವವನಿಗೆ ಪೆಟ್ಟಿಗೆ ಇದೆ ಎಂಬುದೇ ಗೊತ್ತಿಲ್ಲ.

ಒಳ್ಳೆಯ ಪ್ಲಾಟ್‌ಫಾರ್ಮ್ ಗೇಮ್ ಯಾವುದು ಎಂದು ಯಾರಾದರೂ ಕೇಳಿದರೆ ಅವತ್ತಿನಿಂದ ನನ್ನ ಉತ್ತರ ಒಂದೇ. ಬಿದ್ದವನು ತಾನಾಗಿಯೇ “ನಂದೇ ತಪ್ಪು” ಅನ್ನಬೇಕು, ಅಂದು ಮತ್ತೆ ಬಟನ್ ಒತ್ತಬೇಕು. ಚಿತ್ರ, ಕತೆ, ಸಂಗೀತ ಎಲ್ಲ ಆಮೇಲೆ.

ಅಂಚಿನ ಸಮಸ್ಯೆಗೆ ಮದ್ದು ಹೊಸದೇನಲ್ಲ. ಈ ಕೆಲಸ ಮಾಡುವವರೆಲ್ಲ ಅದನ್ನು ಕೊಯೋಟಿ ಟೈಮ್ ಅನ್ನುತ್ತಾರೆ. ಕಾರ್ಟೂನಿನಲ್ಲಿ ಓಡೋಡಿ ಬಂದ ಕೊಯೋಟಿ ಎಂಬ ತೋಳದಂಥ ಪ್ರಾಣಿ ಬಂಡೆಯ ಅಂಚು ದಾಟಿ, ಕೆಳಗೆ ನೋಡುವ ತನಕ ಗಾಳಿಯಲ್ಲೇ ನಿಂತಿರುತ್ತದಲ್ಲ, ಆ ಹೆಸರು. ನೆಲ ಬಿಟ್ಟ ಮೇಲೂ ಕೆಲವು ಫ್ರೇಮ್‌ಗಳವರೆಗೆ ನೆಗೆಯಲು ಬಿಡುವುದು. ನನ್ನ ಕೋಡಿನಲ್ಲಿ ಅದಕ್ಕೆ ‘ಅಂಚಿನ ರಿಯಾಯಿತಿ’ ಎಂದು ಹೆಸರಿಟ್ಟೆ. ಕುಂಟೆಬಿಲ್ಲೆ ಆಡುವಾಗ ಹೆಬ್ಬೆರಳು ಗೆರೆಗೆ ತಾಗಿತೋ ಇಲ್ಲವೋ ಎಂದು ಜಗಳವಾದರೆ ದೊಡ್ಡವರು ಯಾರಾದರೂ “ಹೋಗ್ಲಿ ಬಿಡಿ, ಆಡ್ಲಿ” ಅನ್ನುತ್ತಿದ್ದರು. ಆ ದೊಡ್ಡವರ ಕೆಲಸವನ್ನು ಇಲ್ಲಿ ಕೋಡ್ ಮಾಡುತ್ತದೆ. 3 ಫ್ರೇಮ್ ಇಟ್ಟು ನೋಡಿದೆ, ಸಾಲಲಿಲ್ಲ. 9 ಇಟ್ಟರೆ ಅಳಿಲು ಗಾಳಿಯನ್ನು ತುಳಿದು ನೆಗೆದ ಹಾಗೆ ಕಣ್ಣಿಗೆ ಕಾಣತೊಡಗಿತು. 5ಕ್ಕೆ ನಿಂತೆ. ಇದರ ಇನ್ನೊಂದು ಮುಖವೂ ಇದೆ. ಕಾಲು ನೆಲಕ್ಕೆ ತಾಗುವ ಮೊದಲೇ ಆತುರಕ್ಕೆ ಬಟನ್ ಒತ್ತಿದರೆ ಆ ಒತ್ತುವಿಕೆಯನ್ನು ಮರೆಯದೆ ಇಟ್ಟುಕೊಂಡು, ತಾಗಿದ ಕೂಡಲೇ ನೆಗೆಸುವುದು. ಅದಕ್ಕೆ 6 ಫ್ರೇಮ್ ಕೊಟ್ಟೆ.

2018ರ ಜನವರಿಯಲ್ಲಿ ಬಂದ, ಹುಡುಗಿಯೊಬ್ಬಳು ಬೆಟ್ಟ ಹತ್ತುವ ಸೆಲೆಸ್ಟ್ ಎಂಬ ಗೇಮ್ ಈ ವಿಷಯದಲ್ಲಿ ನನ್ನ ಪಾಲಿಗೆ ಪಾಠಶಾಲೆ. ಅದನ್ನು ಮಾಡಿದ ಮ್ಯಾಡಿ ಥಾರ್ಸನ್ ಮತ್ತು ನೋಯೆಲ್ ಬೆರಿ ನಾಯಕಿಯ ಚಲನೆಯ ಕೋಡನ್ನು ಎಲ್ಲರೂ ಓದಲೆಂದು ಬಹಿರಂಗವಾಗಿಯೇ ಇಟ್ಟಿದ್ದಾರೆ. ಓದುತ್ತ ಹೋದರೆ ಎಷ್ಟು ಕಡೆ ಆಡುವವರ ಪಕ್ಷ ವಹಿಸಿದ್ದಾರೆಂದು ಮನಸ್ಸು ತುಂಬಿ ಬರುತ್ತದೆ. ಅಂಚು ಬಿಟ್ಟ ಮೇಲೆ 0.1 ಸೆಕೆಂಡ್ ರಿಯಾಯಿತಿ. ಮೇಲೇರುವಾಗ ತಲೆ ಮೂಲೆಗೆ ತಾಗಿದರೆ, 4 ಪಿಕ್ಸೆಲ್ ಒಳಗಿದ್ದರೆ ಪಕ್ಕಕ್ಕೆ ಸರಿಸಿ ದಾರಿ ಬಿಡುತ್ತದೆ. ಗೋಡೆಗೆ ಪೂರ್ತಿ ತಾಗಿರದಿದ್ದರೂ, ಹತ್ತಿರವಿದ್ದರೆ ಸಾಕು, ಗೋಡೆಯಿಂದ ನೆಗೆಯಲು ಬಿಡುತ್ತದೆ. ಅಷ್ಟು ಕಠಿಣ ಗೇಮ್ ಎಂದು ಹೆಸರಾದದ್ದು ಒಳಗೊಳಗೇ ಇಷ್ಟು ಕರುಣಾಳು. ಆಡುವಾಗ ಇದ್ಯಾವುದೂ ಕಾಣುವುದಿಲ್ಲ. ನನ್ನ ಕೈ ಚುರುಕಾಗಿದೆ ಅಂತಲೇ ಅನ್ನಿಸುತ್ತದೆ. ಮೂಲೆಗೆ ತಾಗಿದ ತಲೆಯನ್ನು ಸರಿಸುವ ಉಪಾಯವನ್ನು ಹಾಗೇ ತೆಗೆದುಕೊಂಡೆ. ನೆಗೆತದ ತುದಿಯಲ್ಲಿ, ಬಟನ್ ಹಿಡಿದಿದ್ದರೆ, ಗುರುತ್ವವನ್ನು ಅರ್ಧಕ್ಕಿಳಿಸಿ ಒಂದು ಗಳಿಗೆ ತೇಲಿಸುವುದೂ ಅದರಲ್ಲಿದೆ. ಅದನ್ನು ಹಾಕಿ ನೋಡಿ ತೆಗೆದುಬಿಟ್ಟೆ. ಬೆಟ್ಟ ಹತ್ತುವ ಹುಡುಗಿಗೆ ಒಪ್ಪಿದ್ದು ನನ್ನ ಅಳಿಲಿಗೆ ಒಪ್ಪಲಿಲ್ಲ. ಕೆಂದಳಿಲು ತೇಲುವ ಪ್ರಾಣಿಯಲ್ಲ. ಕಾಡಿನಲ್ಲಿ ಅದು ಒಂದೇ ನೆಗೆತಕ್ಕೆ 6 ಮೀಟರ್‌ವರೆಗೆ ದಾಟುತ್ತದೆ, ತಾಗಿದ ಕೊಂಬೆ ಬಾಗಿ ಅಲುಗುತ್ತದೆ. ಆ ಭಾರ ಬೇಕಿತ್ತು ನನಗೆ.

ಭಾರ ತರಲು ಎರಡು ತಿಂಗಳು ಹಿಡಿಯಿತು. ಮೊದಲಿಗೆ ನಾನು ವೇಗಕ್ಕೊಂದು, ಗುರುತ್ವಕ್ಕೊಂದು ಅಂಕಿ ಬರೆದು ಆಡಿ ನೋಡುವುದು, ಬದಲಿಸುವುದು, ಮತ್ತೆ ನೋಡುವುದು ಮಾಡುತ್ತಿದ್ದೆ. ಹಾಗೆ ಮಾಡಿದರೆ ಒಂದನ್ನು ಸರಿಮಾಡಿದಾಗ ಇನ್ನೊಂದು ಕೆಡುತ್ತದೆ. ಎಷ್ಟು ಎತ್ತರ ನೆಗೆಯಬೇಕು, ತುದಿ ಮುಟ್ಟಲು ಎಷ್ಟು ಹೊತ್ತು, ಈ ಎರಡನ್ನು ಮೊದಲು ನಿರ್ಧರಿಸಿದರೆ ಉಳಿದದ್ದು ಪಿಯುಸಿ ಫಿಸಿಕ್ಸ್. ಎತ್ತರದ ಎರಡರಷ್ಟನ್ನು ಸಮಯದಿಂದ ಭಾಗಿಸಿದರೆ ನೆಗೆಯುವ ವೇಗ. ಅದನ್ನೇ ಮತ್ತೆ ಸಮಯದಿಂದ ಭಾಗಿಸಿದರೆ ಗುರುತ್ವ. ನನ್ನ ಗೇಮಿನ ಒಂದು ಚೌಕ 16 ಪಿಕ್ಸೆಲ್. ಅಳಿಲು ಮೂರೂವರೆ ಚೌಕ, ಅಂದರೆ 56 ಪಿಕ್ಸೆಲ್ ಏರಬೇಕು. ಏರಲು ಅರ್ಧ ಸೆಕೆಂಡ್, ಇಳಿಯಲು ಅರ್ಧ ಸೆಕೆಂಡ್ ಇಟ್ಟಾಗ ಅದು ಬಲೂನಿನ ಹಾಗಿತ್ತು. ಏರುವುದನ್ನು 0.4 ಸೆಕೆಂಡಿಗೆ ಇಳಿಸಿದೆ. ವೇಗ ಸೆಕೆಂಡಿಗೆ 280 ಪಿಕ್ಸೆಲ್, ಗುರುತ್ವ 700 ಬಂತು. ಇಳಿಯುವಾಗ ಮಾತ್ರ ಗುರುತ್ವವನ್ನು 1.6 ಪಟ್ಟು, ಅಂದರೆ 1120 ಮಾಡಿದೆ. ಇಳಿಯುವ ಹೊತ್ತು 0.32 ಸೆಕೆಂಡಿಗೆ ಬಂತು. ನಿಜವಾದ ಜಗತ್ತಿನಲ್ಲಿ ಹೀಗಿಲ್ಲ, ಏರಿದಷ್ಟೇ ಹೊತ್ತಿಗೆ ಇಳಿಯುತ್ತೇವೆ. ಆದರೂ ಆಡುವ ಕೈಗೆ ಇದೇ ನಿಜ ಅನ್ನಿಸುತ್ತದೆ. ಆ ಬದಲಾವಣೆ ಮಾಡಿದ ರಾತ್ರಿ ಯಾವ ಲೆವೆಲ್ಲೂ ಇಲ್ಲದ ಬರಿಯ ನೆಲದ ಮೇಲೆ ಅಳಿಲನ್ನು ಅರ್ಧ ಗಂಟೆ ನೆಗೆಸುತ್ತ ಕೂತಿದ್ದೆ. ಬರಿಯ ನೆಲದಲ್ಲಿ ನೆಗೆಯುವುದೇ ಖುಷಿ ಕೊಡದಿದ್ದರೆ ಮುಂದಿನ ನೂರು ಲೆವೆಲ್ ಕಟ್ಟಿ ಪ್ರಯೋಜನವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಬಟನ್ ಬೇಗ ಬಿಟ್ಟರೆ ಚಿಕ್ಕ ನೆಗೆತ, ಹಿಡಿದೇ ಇದ್ದರೆ ದೊಡ್ಡದು. ಇದು ಈಗ ಎಲ್ಲರಿಗೂ ಸಹಜ. 1981ರಲ್ಲಿ ಬಂದ ಗೇಮ್ ಡಾಂಕಿ ಕಾಂಗ್‌ನಲ್ಲಿ ಹೀಗಿರಲಿಲ್ಲ. ಅಲ್ಲಿ ಒಮ್ಮೆ ನೆಗೆದರೆ ಮುಗಿಯಿತು, ಎತ್ತರ ಯಾವಾಗಲೂ ಒಂದೇ, ಗಾಳಿಯಲ್ಲಿ ದಿಕ್ಕು ಬದಲಿಸುವಂತಿಲ್ಲ. ಅದನ್ನು ರೂಪಿಸಿದ ಜಪಾನಿನ ಶಿಗೆರು ಮಿಯಾಮೊಟೊ ಮತ್ತು ಅವರ ತಂಡದವರು 1985ರಲ್ಲಿ ಸೂಪರ್ ಮಾರಿಯೋ ಬ್ರದರ್ಸ್ ಮಾಡುವ ಹೊತ್ತಿಗೆ ಬಟನ್ ಹಿಡಿದಿರುವ ತನಕ ಗುರುತ್ವ ಕಡಿಮೆ, ಬಿಟ್ಟರೆ ಹೆಚ್ಚು ಎಂದು ಮಾಡಿದರು. ಓಡಿ ಬಂದು ನೆಗೆದರೆ ಇನ್ನಷ್ಟು ಎತ್ತರ. ಇಡೀ ಗೇಮ್ 40 ಕಿಲೋಬೈಟ್‌ನಲ್ಲಿ ಹಿಡಿಯಿತು. ಶಿರಸಿಯಲ್ಲಿ ನಮ್ಮ ಕಾಲಕ್ಕೆ ಅದು ಬಂದದ್ದು ಟಿವಿಗೆ ಸಿಕ್ಕಿಸುವ ಗೇಮಿನ ಮೂಲಕ. ಅದರ ಕಾರ್ಟ್ರಿಜ್‌ಗೆ ನಾವೆಲ್ಲ ಕ್ಯಾಸೆಟ್ ಅಂತಲೇ ಅನ್ನುತ್ತಿದ್ದೆವು. ನೆಗೆಯುವಾಗ ಕೈಲಿದ್ದ ರಿಮೋಟನ್ನೂ ಮೇಲೆತ್ತುತ್ತಿದ್ದೆವು, ಎತ್ತಿದರೆ ಮಾರಿಯೋ ಇನ್ನೂ ಎತ್ತರ ಹೋಗುತ್ತಾನೆಂಬಂತೆ. ಯಾವ ಪರದೆಯ ಮೇಲಿನ ಬೊಂಬೆಯೂ ಅದಕ್ಕೆ ಮೊದಲು ನಮ್ಮ ಹೆಬ್ಬೆರಳಿಗೆ ಹಾಗೆ ಓಗೊಟ್ಟಿರಲಿಲ್ಲ.

ಆ ಗೇಮಿನ ಮೊದಲ ಲೆವೆಲ್ಲನ್ನು ನಾನು ಈಗಲೂ ತೆರೆದು ನೋಡುತ್ತೇನೆ. ಒಂದು ಅಕ್ಷರ ಬರೆಯದೆ ಕಲಿಸುತ್ತದೆ. ಮಾರಿಯೋನನ್ನು ದೊಡ್ಡವನಾಗಿಸುವ ಮೊದಲ ಅಣಬೆ ಬಲಕ್ಕೆ ಉರುಳಿಹೋಗಿ ಪೈಪಿಗೆ ತಾಗಿ ನಮ್ಮ ಕಡೆಗೇ ತಿರುಗುತ್ತದೆ. ಅದು ಒಳ್ಳೆಯದೋ ಕೆಟ್ಟದ್ದೋ ಎಂದು ಹೆದರುವ ಹೊಸಬನಿಗೂ ಅದು ಸಿಕ್ಕಿಯೇ ಸಿಗುತ್ತದೆ. ಮುಂದೆ ಎದುರುಬದುರು ಎರಡು ಮೆಟ್ಟಿಲ ಸಾಲು, ನಡುವೆ ನೆಲ ಇದೆ. ಬಿದ್ದರೂ ಏನೂ ಆಗುವುದಿಲ್ಲ. ಇನ್ನೂ ಸ್ವಲ್ಪ ಮುಂದೆ ಅದೇ ರೀತಿಯ ಎರಡು ಸಾಲು, ಈಗ ನಡುವೆ ಕಂದಕ. ಅಷ್ಟರಲ್ಲಿ ಕೈಗೆ ಅಂದಾಜು ಸಿಕ್ಕಿರುತ್ತದೆ. ನನ್ನ ಮೂರನೇ ಸ್ಕ್ರೀನಿನ ಹಳ್ಳಕ್ಕೆ ಮೊದಲು ಅಷ್ಟೇ ಅಗಲದ, ಕೆಳಗೆ ಒಣ ಎಲೆಯ ಹಾಸು ಇರುವ ಒಂದು ಸಂದನ್ನು ಸೇರಿಸಿದ್ದು ಇದನ್ನು ನೋಡಿಯೇ.

ಅಳತೆಯಲ್ಲಿ ಒಂದು ದೊಡ್ಡ ತಪ್ಪು ಮಾಡಿದೆ. ಅಳಿಲು ಓಡುವುದು ಸೆಕೆಂಡಿಗೆ 120 ಪಿಕ್ಸೆಲ್, ಗಾಳಿಯಲ್ಲಿ 0.72 ಸೆಕೆಂಡ್ ಎಂದರೆ ಒಂದು ನೆಗೆತಕ್ಕೆ 86 ಪಿಕ್ಸೆಲ್. ಹಾಗಾಗಿ 6 ಚೌಕದ, ಅಂದರೆ 96 ಪಿಕ್ಸೆಲ್‌ನ ಕಂದಕ ದಾಟಲು ಆಗದ್ದು ಎಂದು ಲೆಕ್ಕ ಹಾಕಿ, ಎರಡನೇ ಭಾಗದಲ್ಲಿ ಒಂದನ್ನು ಇಟ್ಟೆ. ಬಳ್ಳಿ ಹಿಡಿದು ಜೋಲುವುದನ್ನು ಕಲಿತ ಮೇಲೆ ಹಿಂತಿರುಗಿ ಬಂದು ದಾಟಲಿ ಎಂಬುದು ಉದ್ದೇಶ. ಅಕ್ಕನ ಮಗ ಮೂರನೇ ಪ್ರಯತ್ನಕ್ಕೇ ದಾಟಿಬಿಟ್ಟ. ಆಚೆ ದಡದಲ್ಲಿ ಬಳ್ಳಿಯಿಲ್ಲದೆ ಮುಂದೆ ಹೋಗಲಾಗದೆ, ಹಿಂದೆಯೂ ಬರಲಾಗದೆ ಸಿಕ್ಕಿಕೊಂಡ. ಅಳಿಲಿನ ಪೆಟ್ಟಿಗೆಯ ಅಗಲ, ಆ 10 ಪಿಕ್ಸೆಲ್, ಲೆಕ್ಕದಲ್ಲಿ ಸೇರಿರಲಿಲ್ಲ. ಒಂದು ಕಡೆ ಹಿಮ್ಮಡಿ, ಇನ್ನೊಂದು ಕಡೆ ಮೂತಿ, ಅಷ್ಟಕ್ಕೇ 96 ಆಗುತ್ತದೆ. ಮೇಲೆ ನಾನೇ ಕೊಟ್ಟ ಅಂಚಿನ ರಿಯಾಯಿತಿ, 5 ಫ್ರೇಮಿಗೆ ಇನ್ನೊಂದು 10 ಪಿಕ್ಸೆಲ್. ಆ ಕಂದಕವನ್ನು 9 ಚೌಕಕ್ಕೆ ಅಗಲಿಸಿದೆ. ಆಗುವಂಥದ್ದು ಆಗುತ್ತದೆ ಎಂದು ಕಾಣಬೇಕು, ಆಗದ್ದು ದೂರದಿಂದಲೇ ಆಗದ್ದೆಂದು ಕಾಣಬೇಕು. ನಡುವಿನ ಅನುಮಾನದಲ್ಲಿ ಆಡುವವರ ಅರ್ಧ ಗಂಟೆ ಹಾಳಾದರೆ ಅದು ಗೇಮ್ ಮಾಡಿದವರ ತಪ್ಪು.

ಬಿದ್ದ ಮೇಲೆ ಮತ್ತೆ ಶುರುವಾಗುವ ಹೊತ್ತು ನಾನು ಮೊದಲು ಗಮನಿಸದೇ ಬಿಟ್ಟ ಸಂಗತಿ. ಪರದೆ ಕಪ್ಪಾಗಿ, ‘ಮತ್ತೆ ಪ್ರಯತ್ನಿಸಿ’ ಎಂದು ಬರೆದು ಬಂದು, ಮತ್ತೆ ಬೆಳಕಾಗಲು ಎರಡು ಸೆಕೆಂಡ್ ಹಿಡಿಯುತ್ತಿತ್ತು. 2010ರ ಸೂಪರ್ ಮೀಟ್ ಬಾಯ್ ಆಡಿದವರಿಗೆ ಗೊತ್ತು, ಅಲ್ಲಿ ಸತ್ತ ಕೂಡಲೇ ಎದ್ದು ನಿಂತಿರುತ್ತೇವೆ, ಬೇಸರಪಡಲು ಪುರುಸೊತ್ತೇ ಇಲ್ಲ. ಬರಹ ತೆಗೆದು, ಎರಡು ಸೆಕೆಂಡನ್ನು 0.4ಕ್ಕೆ ಇಳಿಸಿದೆ. ಮುಂದಿನ ರಜೆಯಲ್ಲಿ ಬಂದ ಹುಡುಗ ಅದೇ ಮೂರನೇ ಸ್ಕ್ರೀನಿನಲ್ಲಿ ಬಿದ್ದಾಗ ಫೋನ್ ಕೆಳಗಿಡಲಿಲ್ಲ. “ಛೆ, ತಡ ಮಾಡ್ದೆ” ಅಂದ, ನನಗಲ್ಲ, ತನಗೇ. ಅಷ್ಟರೊಳಗೆ ಅಳಿಲು ಮತ್ತೆ ಓಡುತ್ತಿತ್ತು.

ಫೋನಿನ ಗಾಜಿನ ಮೇಲೆ ಆಡುವವರ ಕಷ್ಟ ಬೇರೆಯೇ. ನಮ್ಮ ಕಡೆ ಮಕ್ಕಳು ಆಡುವುದು ಹೆಚ್ಚಾಗಿ ಫೋನಿನಲ್ಲೇ. ರಿಮೋಟಿನಲ್ಲಿ ಬಟನ್ನಿನ ಅಂಚು ಬೆರಳಿಗೆ ಸಿಗುತ್ತದೆ, ಗಾಜಿನಲ್ಲಿ ಏನೂ ಸಿಗುವುದಿಲ್ಲ. ಆಟ ಬಿಸಿಯೇರಿದಂತೆ ಹೆಬ್ಬೆರಳು ತನಗರಿವಿಲ್ಲದೆ ಮೆಲ್ಲಗೆ ನಡುವಿಗೆ ಜಾರುತ್ತದೆ. ನೆಗೆಯುವ ಬಟನ್ನಿನ ಚಿತ್ರವನ್ನು ಹಾಗೇ ಇಟ್ಟು, ಪರದೆಯ ಬಲ ಅರ್ಧ ಪೂರ್ತಿ ಎಲ್ಲಿ ಒತ್ತಿದರೂ ನೆಗೆಯುವ ಹಾಗೆ ಮಾಡಿದೆ. ಎಡಗಡೆ ದಿಕ್ಕಿನ ಬಟನ್‌ಗಳು ಬೆರಳು ಇಟ್ಟಲ್ಲಿಗೆ ತಾವೇ ಬರುತ್ತವೆ. ಇಷ್ಟು ಮಾಡಿದ ಮೇಲೂ ಬಟನ್ ಇರುವ ಕಂಟ್ರೋಲರಿನ ನಿಖರತೆ ಗಾಜಿಗೆ ಬರಲಿಲ್ಲ. ಫೋನಿನ ಆವೃತ್ತಿಯಲ್ಲಿ ಮಾತ್ರ ಅಂಚಿನ ರಿಯಾಯಿತಿಯನ್ನು 7 ಫ್ರೇಮ್ ಮಾಡಿದ್ದೇನೆ.

ಸದ್ದು ಸಿಕ್ಕಿದ್ದು ಊರಿನಲ್ಲಿ. ಅಳಿಲು ಕೊಂಬೆಗೆ ತಾಗುವ ಸದ್ದಿಗೆ ಏನೇನೋ ಹುಡುಕಿದ್ದೆ. ತೋಟದಲ್ಲಿ ಒಣಗಿ ಬಿದ್ದ ಅಡಿಕೆ ಮರದ ಹಾಳೆಯ ಮೇಲೆ ಅಡಿಕೆಯೊಂದು ಬಿದ್ದರೆ ‘ಟಪ್’ ಎಂದು ಒಳಗೆ ಟೊಳ್ಳಿರುವ ಸದ್ದು ಬರುತ್ತದೆ. ಹುಡುಗನೇ ಅಡಿಕೆ ಬೀಳಿಸಿದ, ನಾನು ಫೋನಿನಲ್ಲಿ ರೆಕಾರ್ಡ್ ಮಾಡಿದೆ. ಎತ್ತರದಿಂದ ಬಿದ್ದರೆ ದೊಡ್ಡದು, ಸಣ್ಣ ನೆಗೆತಕ್ಕೆ ಸಣ್ಣದು. ಅಳಿಲಿನ ಭಾರ ಕಿವಿಗೂ ಬಂತು.

ಈಗ ನಾನು ಕೆಲಸ ಮಾಡುತ್ತ ಕೂತಿರುವುದು ಗೇಮಿನ ತೂಗುವ ಕೊಂಬೆಯ ಮೇಲೆ. ಕೊಂಬೆ ಮುಂದಕ್ಕೆ ಜೀಕಿದಾಗ ನೆಗೆದರೆ ಅದರ ವೇಗ ಅಳಿಲಿಗೂ ಸೇರಬೇಕು. ಆದರೆ ಆಡುವವರು ಒತ್ತುವುದು ಜೀಕು ಮುಗಿದು ಕೊಂಬೆ ನಿಂತ ಕ್ಷಣದಲ್ಲಿ, ಆಗ ವೇಗ ಸೊನ್ನೆ. ಹಾಗಾಗಿ ಕೊಂಬೆಯ ಹಿಂದಿನ ಕೆಲವು ಫ್ರೇಮ್‌ಗಳ ವೇಗವನ್ನು ನೆನಪಿಟ್ಟು, ಅದರಲ್ಲಿ ಅತಿ ಹೆಚ್ಚಿನದನ್ನು ಕೊಡುತ್ತಿದ್ದೇನೆ. ಸದ್ಯ 8 ಫ್ರೇಮ್ ಇಟ್ಟಿದ್ದೇನೆ. ಇನ್ನೂ ಒಂದೆರಡು ಸಲ ಅಳಿಲು ಕೊಂಬೆ ಬಿಡುವಾಗ ಹಿಂದಕ್ಕೆ ಎಳೆದ ಹಾಗಾಗುತ್ತದೆ. ಅದು ಯಾಕೆಂದು ನೋಡಬೇಕು.