ನೆಟ್ ಇದೆ, ಆದರೆ ಕಂಪ್ಯೂಟರಿಗೆ ಐಪಿ ಅಡ್ರೆಸ್ ಸಿಗುತ್ತಿಲ್ಲ: ನನ್ನ ಅನುಭವ

"ಮೊಬೈಲಲ್ಲಿ ನೆಟ್ ಬರ್ತಿದೆ, ಕಂಪ್ಯೂಟರಿಗೆ ಮಾತ್ರ ಬರ್ತಿಲ್ಲ." ಈ ಮಾತು ಕೇಳಿದರೆ ನಾನು ಮೊದಲು ಲೈನನ್ನು ನೋಡುವುದಿಲ್ಲ. ಬ್ರೌಸರನ್ನೂ ನೋಡುವುದಿಲ್ಲ. ಆ ಕಂಪ್ಯೂಟರ್ ಹತ್ತಿರ ಈಗ ಯಾವ ಐಪಿ ಅಡ್ರೆಸ್ (ನೆಟ್‌ವರ್ಕಿನಲ್ಲಿ ಅದನ್ನು ಗುರುತಿಸುವ ನಂಬರ್) ಇದೆ ಅಂತ ನೋಡುತ್ತೇನೆ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಸಾಗರದಲ್ಲಿರುವ ಅಕ್ಕನ ಮನೆಯಲ್ಲಿ ಆದದ್ದನ್ನೇ ಹೇಳುತ್ತೇನೆ. ಮಗಳ ಮದುವೆ ಮುಗಿದಿತ್ತು, ಮನೆ ತುಂಬಾ ನೆಂಟರು. ಭಾವನಿಗೆ ಅಡಿಕೆ ವ್ಯಾಪಾರ. ತಿಂಗಳ ಜಿಎಸ್‌ಟಿ ರಿಟರ್ನ್ 20ನೇ ತಾರೀಖಿನೊಳಗೆ ಹೋಗಬೇಕು. ಮದುವೆ ಓಡಾಟದಲ್ಲಿ ಕಂಪ್ಯೂಟರ್ ಹಚ್ಚಿಯೇ ಇರಲಿಲ್ಲ. ಈಗ ಹಚ್ಚಿದರೆ ನೆಟ್ ಇಲ್ಲ. ಪೇಟೆಯ ರಿಪೇರಿಯವರು ಫೋನಲ್ಲೇ "ವಿಂಡೋಸ್ ಹೊಸದಾಗಿ ಹಾಕಬೇಕು, ತಂದುಕೊಡಿ" ಅಂದಿದ್ದರು. "ಹಾಕಿಸಿಬಿಡಲೇನೋ?" ಅಂತ ಭಾವ ಕೇಳಿದರು. "ಸ್ವಲ್ಪ ತಡೀರಿ ಭಾವ, ನೋಡ್ತೀನಿ" ಅಂದೆ. ಇಷ್ಟಕ್ಕೆಲ್ಲ ವಿಂಡೋಸ್ ಕಿತ್ತುಹಾಕಿಸುವುದು ನನಗೆ ಸಹಿಸಲಾಗದ ವಿಷಯ. ಲೆಕ್ಕದ ಫೈಲುಗಳೆಲ್ಲ ಅದರಲ್ಲೇ ಇರುತ್ತವೆ.

ವಿಂಡೋಸಿನಲ್ಲಿ ಆಜ್ಞೆ ಟೈಪ್ ಮಾಡುವ ಕಮಾಂಡ್ ಪ್ರಾಂಪ್ಟ್ ತೆಗೆದು, ನೆಟ್‌ವರ್ಕ್ ವಿವರ ತೋರಿಸುವ 'ಐಪಿಕಾನ್ಫಿಗ್ /ಆಲ್' (ipconfig /all) ಕೊಟ್ಟೆ. ಡಿಎಚ್‌ಸಿಪಿ ಎನೇಬಲ್ಡ್ ಅನ್ನುವ ಸಾಲಿನ ಮುಂದೆ ಯೆಸ್ ಇತ್ತು. ಡಿಎಚ್‌ಸಿಪಿ ಅಂದರೆ ಅಡ್ರೆಸನ್ನು ತಾನಾಗಿಯೇ ಹಂಚುವ ಏರ್ಪಾಡು. ಅಂದರೆ ಅಡ್ರೆಸನ್ನು ಯಾರೂ ಕೈಯಾರೆ ತುಂಬಿಲ್ಲ, ಕಂಪ್ಯೂಟರ್ ತಾನೇ ರೂಟರನ್ನು ಕೇಳಿ ಪಡೆಯಬೇಕು. ಅಡ್ರೆಸ್ ಮಾತ್ರ 169.254 ಅಂತ ಶುರುವಾಗಿತ್ತು. ಡೀಫಾಲ್ಟ್ ಗೇಟ್‌ವೇ, ಅಂದರೆ ಹೊರಗೆ ಹೋಗುವ ಬಾಗಿಲಾದ ರೂಟರಿನ ಅಡ್ರೆಸ್, ಇರಬೇಕಾದ ಜಾಗ ಖಾಲಿ.

ಈ 169.254 ಕಂಡರೆ ಅದು ರೂಟರ್ ಕೊಟ್ಟ ಅಡ್ರೆಸ್ ಅಲ್ಲ ಅಂತ ಧೈರ್ಯವಾಗಿ ಹೇಳಬಹುದು. ಕೇಳಿ ಕೇಳಿ ಉತ್ತರ ಸಿಗದಿದ್ದಾಗ ವಿಂಡೋಸ್ ತನಗೆ ತಾನೇ ಹಾಕಿಕೊಳ್ಳುವ ಅಡ್ರೆಸ್ ಅದು. ಅದರಿಂದ ಹೊರಗಿನ ಇಂಟರ್ನೆಟ್‌ಗೆ ಹೋಗಲು ಆಗುವುದಿಲ್ಲ. ಹಿನ್ನೆಲೆಯಲ್ಲಿ ವಿಂಡೋಸ್ 5 ನಿಮಿಷಕ್ಕೊಮ್ಮೆ ಮತ್ತೆ ಕೇಳುತ್ತಲೂ ಇರುತ್ತದೆ.

ಅಡ್ರೆಸನ್ನು ಮತ್ತೆ ಕೇಳಿಸುವ 'ಐಪಿಕಾನ್ಫಿಗ್ /ರಿನ್ಯೂ' ಕೊಟ್ಟೆ. ಸುಮಾರು ಹೊತ್ತು ಸುಮ್ನೆ ನಿಂತು, ಡಿಎಚ್‌ಸಿಪಿ ಸರ್ವರನ್ನು ಸಂಪರ್ಕಿಸಲು ಆಗಲಿಲ್ಲ ಅಂತ ಬಂತು. ಈ ಸಂದೇಶ ಓದಿದವರು ಕೇಬಲ್ ಕಡೆಗೋ ನೆಟ್‌ವರ್ಕ್ ಕಾರ್ಡ್ ಕಡೆಗೋ ಬೆರಳು ತೋರಿಸುತ್ತಾರೆ. ನಾನೂ ಕೇಬಲ್ ನೋಡಿದೆ. ಎರಡೂ ತುದಿಯ ಪ್ಲಗ್ 'ಕ್ಲಿಕ್' ಅಂತ ಕೂತಿತ್ತು, ಪೋರ್ಟಿನ ಲೈಟ್ ಮಿನುಗುತ್ತಿತ್ತು. ವಿಂಡೋಸಿನ ಸರ್ವಿಸಸ್ ಪಟ್ಟಿಯಲ್ಲಿ, ಅಡ್ರೆಸ್ ಕೇಳುವ ಕೆಲಸ ಮಾಡುವ ಡಿಎಚ್‌ಸಿಪಿ ಕ್ಲೈಂಟ್ ಓಡುತ್ತಿತ್ತು. ಇವೆರಡನ್ನೂ ನೋಡಲು ಜಾಸ್ತಿ ಹೊತ್ತೇನೂ ಬೇಡ.

ಇದಾದ ಮೇಲೆ ಮಾಡುವ ಪರೀಕ್ಷೆ ನನಗೆ ಎಲ್ಲಕ್ಕಿಂತ ಇಷ್ಟ: ಅಡ್ರೆಸನ್ನು ಕೈಯಾರೆ ತುಂಬಿ ನೋಡುವುದು. ಅಕ್ಕನ ಫೋನಿನಲ್ಲಿ ವೈಫೈ ವಿವರ ತೆಗೆದೆ. ಅಡ್ರೆಸ್ 192.168.1.108, ಗೇಟ್‌ವೇ 192.168.1.1. ಕಂಪ್ಯೂಟರಿನ ಈಥರ್‌ನೆಟ್ ಸೆಟ್ಟಿಂಗಿಗೆ ಹೋಗಿ ಮ್ಯಾನುಯಲ್ ಮಾಡಿ, ಅದೇ ಸಾಲಿನ ಆದರೆ ದೂರದ ನಂಬರ್ 192.168.1.50 ಹಾಕಿದೆ. ಯಾವ ಅಡ್ರೆಸ್‌ಗಳು ಒಂದೇ ನೆಟ್‌ವರ್ಕಿನವು ಅಂತ ಹೇಳುವ ಮಾಸ್ಕ್ 255.255.255.0, ಗೇಟ್‌ವೇ ಫೋನಿನಲ್ಲಿದ್ದದ್ದೇ, ವೆಬ್‌ಸೈಟ್ ಹೆಸರಿಗೆ ಅಡ್ರೆಸ್ ಹುಡುಕಿಕೊಡುವ ಡಿಎನ್ಎಸ್ 8.8.8.8. ಸೇವ್ ಕೊಟ್ಟ ಕೂಡಲೇ ಜಿಎಸ್‌ಟಿ ಪೋರ್ಟಲ್ ತೆರೆದುಕೊಂಡಿತು.

ಭಾವನಿಗೆ ಖುಷಿ. "ಸರಿಹೋಯ್ತಲ್ಲ, ಬಿಡು" ಅಂದರು. ಆದರೆ ಇದು ರಿಪೇರಿ ಅಲ್ಲ, ಪರೀಕ್ಷೆ ಅಷ್ಟೇ. ಕೇಬಲ್, ಕಾರ್ಡ್, ರೂಟರ್, ಹೊರಗಿನ ಲೈನ್ ಎಲ್ಲ ಸರಿ ಇದೆ, ಅಡ್ರೆಸ್ ಕೇಳಿ ಪಡೆಯುವ ಮಾತುಕತೆಯಲ್ಲೇ ಏನೋ ತೊಡಕಿದೆ ಅಂತ ಇದರಿಂದ ಖಾತ್ರಿಯಾಯಿತು. ಕೈಯಾರೆ ತುಂಬಿದ ಮೇಲೂ ನೆಟ್ ಬಾರದಿದ್ದರೆ ನಾನು ಕೇಬಲ್ ಬದಲಿಸಿ, ಡ್ರೈವರ್ ಮತ್ತು ಆಂಟಿವೈರಸ್ ಕಡೆ ತಿರುಗುತ್ತಿದ್ದೆ.

ಆ ಮಾತುಕತೆ ಹೇಗೆ ನಡೆಯುತ್ತದೆ ಅಂತ ಸ್ವಲ್ಪ ಹೇಳಬೇಕು. ಡಿಎಚ್‌ಸಿಪಿಯ ನಿಯಮಗಳನ್ನು 1997ರಲ್ಲಿ ಆರ್‌ಎಫ್‌ಸಿ 2131 ಅನ್ನುವ ಇಂಟರ್ನೆಟ್ ನಿಯಮದ ದಾಖಲೆಯಾಗಿ ಪ್ರಕಟಿಸಿದರು, ಇವತ್ತಿಗೂ ಅದೇ ನಡೆಯುತ್ತಿದೆ. ಕಂಪ್ಯೂಟರ್ "ಇಲ್ಲಿ ಅಡ್ರೆಸ್ ಕೊಡುವವರು ಯಾರಾದರೂ ಇದ್ದೀರಾ?" ಅಂತ ಎಲ್ಲರಿಗೂ ಕೇಳುವಂತೆ ಕೂಗುತ್ತದೆ. ರೂಟರ್ "ಇದನ್ನು ತಗೋ" ಅನ್ನುತ್ತದೆ. ಕಂಪ್ಯೂಟರ್ "ಸರಿ, ಅದನ್ನೇ ಕೊಡು" ಅನ್ನುತ್ತದೆ. ರೂಟರ್ "ಆಯ್ತು, ಇಷ್ಟು ಹೊತ್ತು ನಿನ್ನದು" ಅಂತ ಮುಗಿಸುತ್ತದೆ. ಆ ಹೊತ್ತಿಗೆ ಲೀಸ್ ಅಂತ ಹೆಸರು. ಲಾಡ್ಜಿನ ರೂಮಿನ ಹಾಗೆ, ಚೆಕ್‌ಔಟ್ ಟೈಮಿನೊಳಗೆ ಮುಂದುವರಿಸಿಕೊಳ್ಳದಿದ್ದರೆ ಬೇರೆಯವರಿಗೆ ಹೋಗಬಹುದು. ಒಂದು ವ್ಯತ್ಯಾಸವಿದೆ. ಕೊಡಲು ಅಡ್ರೆಸ್ ಉಳಿದಿಲ್ಲದಿದ್ದರೆ ರೂಟರ್ "ಖಾಲಿ ಇಲ್ಲ" ಅಂತ ಹೇಳುವುದಿಲ್ಲ, ಸುಮ್ಮನಿದ್ದುಬಿಡುತ್ತದೆ. ಕೊಡುವವರೇ ಇಲ್ಲವೋ, ಇದ್ದೂ ಕೊಡಲು ಏನೂ ಉಳಿದಿಲ್ಲವೋ, ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ. ಅದಕ್ಕೇ ಎರಡಕ್ಕೂ ಅದೇ ಸಂದೇಶ, ಅದೇ 169.254.

ಇಷ್ಟರಲ್ಲಿ ನನ್ನ ಫೋನನ್ನೂ ಆ ಮನೆಯ ವೈಫೈಗೆ ಸೇರಿಸಲು ಹೋದೆ. ಪಾಸ್‌ವರ್ಡ್ ಒಪ್ಪಿಕೊಂಡಿತು. ಆಮೇಲೆ 'ಐಪಿ ಅಡ್ರೆಸ್ ಪಡೆಯಲಾಗುತ್ತಿದೆ' ಅಂತ ಬಂದು ಅಲ್ಲೇ ನಿಂತುಬಿಟ್ಟಿತು. ಅಕ್ಕನ ಫೋನಲ್ಲಿ ವಿಡಿಯೊ ಓಡುತ್ತಿದೆ, ಹೊಸದಾಗಿ ಬಂದ ನನ್ನ ಫೋನಿಗೆ ಅಡ್ರೆಸ್ ಇಲ್ಲ! ಅಲ್ಲಿಗೆ ಕಂಪ್ಯೂಟರ್ ಮೇಲಿನ ಅನುಮಾನ ಪೂರ್ತಿ ಹೋಯಿತು.

ಹಿಂದಿನ ದಿನ ಏನಾಗಿತ್ತು ಅಂತ ಭಾವನನ್ನು ಕೇಳಿದೆ. ರೂಟರ್ ಆಫ್ ಮಾಡಿ ಆನ್ ಮಾಡಿದಾಗ ಕಂಪ್ಯೂಟರಿಗೆ ನೆಟ್ ಬಂದಿತ್ತಂತೆ. ರಾತ್ರಿ ಕರೆಂಟ್ ಹೋಗಿ ಬಂದ ಮೇಲೆ ಬೆಳಗ್ಗೆ ಮತ್ತೆ ಇಲ್ಲ. ರೂಟರ್ ಇನ್ವರ್ಟರ್ ಲೈನಿನಲ್ಲಿ ಇರಲಿಲ್ಲ. ಕರೆಂಟ್ ಹೋದಾಗ ಯಾರಿಗೆ ಯಾವ ಅಡ್ರೆಸ್ ಕೊಟ್ಟಿದ್ದೆ ಅನ್ನುವುದನ್ನು ಬಹಳಷ್ಟು ಮನೆ ರೂಟರ್‌ಗಳು ಮರೆಯುತ್ತವೆ. ವಾಪಸ್ ಬಂದ ಕೂಡಲೇ ಮನೆಯ ಫೋನುಗಳೆಲ್ಲ ತಾವೇ ಹೋಗಿ ಕೇಳಿಕೊಳ್ಳುತ್ತವೆ. ಕಂಪ್ಯೂಟರ್ ಮಾತ್ರ ನಾವು ಬಟನ್ ಒತ್ತಿದ ಮೇಲೆ ಏಳುವುದು, ಅಲ್ವಾ? ಅದರ ಪಾಲಿಗೆ ಏನೂ ಉಳಿದಿರಲಿಲ್ಲ.

ಬ್ರೌಸರಿನಲ್ಲಿ 192.168.1.1 ಹೊಡೆದು ರೂಟರ್ ಒಳಗೆ ಹೋದೆ. ಯೂಸರ್ ನೇಮ್, ಪಾಸ್‌ವರ್ಡ್ ಪೆಟ್ಟಿಗೆಯ ಕೆಳಗಿನ ಚೀಟಿಯಲ್ಲೇ ಇತ್ತು. ಲ್ಯಾನ್ (ಮನೆಯೊಳಗಿನ ನೆಟ್‌ವರ್ಕ್) ಪುಟದಲ್ಲಿ ಡಿಎಚ್‌ಸಿಪಿ ಸರ್ವರ್ ಅಂತ ಒಂದು ಭಾಗ. ಶುರು 192.168.1.100, ಕೊನೆ 192.168.1.120. ಅಂದರೆ ಇಡೀ ಮನೆಗೆ 21 ಅಡ್ರೆಸ್. ಮಾಮೂಲಿ ದಿನಗಳಲ್ಲಿ ಅದು ಸಾಕಾಗಿತ್ತು. ಪಟ್ಟಿ ತೆಗೆದರೆ ಟಿವಿ, ಕ್ಯಾಮೆರಾ, ಪ್ರಿಂಟರ್, ಆಮೇಲೆ ಬರೀ ಫೋನುಗಳು. ಒಂದೂ ಖಾಲಿ ಇಲ್ಲ.

ಪಟ್ಟಿಯಲ್ಲಿ ಕೆಲವು ಫೋನಿನ ಹೆಸರು ಎರಡೆರಡು ಸಲ ಇತ್ತು. ಆ ರೂಟರ್ 2.4 ಗಿಗಾಹರ್ಟ್ಜ್‌ಗೆ ಒಂದು ವೈಫೈ ಹೆಸರು, 5 ಗಿಗಾಹರ್ಟ್ಜ್‌ಗೆ ಇನ್ನೊಂದು ಹೆಸರು ತೋರಿಸುತ್ತಿತ್ತು. 2019ರ ಆಂಡ್ರಾಯ್ಡ್ 10 ಮತ್ತು 2020ರ ಐಓಎಸ್ 14ರಿಂದ ಈಚೆಗೆ ಫೋನುಗಳು ಪ್ರತಿ ವೈಫೈ ಹೆಸರಿಗೂ ಬೇರೆ ಬೇರೆ ಮ್ಯಾಕ್ ಅಡ್ರೆಸ್ (ರೂಟರ್ ಒಂದು ಸಾಧನವನ್ನು ಗುರುತಿಸುವ ನಂಬರ್) ತೋರಿಸುತ್ತವೆ. ನಮ್ಮ ಜಾಡು ಹಿಡಿಯದಿರಲಿ ಅಂತ ಮಾಡಿದ ಒಳ್ಳೆಯ ಏರ್ಪಾಡು ಅದು. ಆದರೆ ಅಂಗಳದಲ್ಲಿ ಒಂದು ಹೆಸರಿಗೆ, ಒಳಗೆ ಇನ್ನೊಂದು ಹೆಸರಿಗೆ ಸೇರಿದ ಫೋನು ರೂಟರ್ ಕಣ್ಣಿಗೆ ಇಬ್ಬರು ನೆಂಟರು. ಲೀಸ್ 24 ಗಂಟೆ ಇದ್ದದ್ದರಿಂದ ಊರಿಗೆ ಹೊರಟುಹೋದವರ ಅಡ್ರೆಸ್ ಕೂಡ ಮರುದಿನದವರೆಗೆ ಬಿಡುಗಡೆ ಆಗುವುದಿಲ್ಲ.

ಕೆಲಸ ಸುಲಭ. ಶುರು ನಂಬರನ್ನು 192.168.1.20, ಕೊನೆಯದನ್ನು 192.168.1.250 ಮಾಡಿದೆ. ಈಗ 231 ಅಡ್ರೆಸ್. ಲೀಸನ್ನು 4 ಗಂಟೆಗೆ ಇಳಿಸಿದೆ. 'ಐಪಿಕಾನ್ಫಿಗ್ /ಆಲ್'ನಲ್ಲಿ ಫಿಸಿಕಲ್ ಅಡ್ರೆಸ್ ಅಂತ ಕಾಣುವುದೇ ಕಂಪ್ಯೂಟರಿನ ಮ್ಯಾಕ್. ಅದನ್ನು ರಿಸರ್ವೇಶನ್ ಪಟ್ಟಿಗೆ ಸೇರಿಸಿ 192.168.1.20 ಅನ್ನು ಅದರ ಹೆಸರಿಗೇ ಕಾಯ್ದಿರಿಸಿದೆ. ಇನ್ನು ಎಷ್ಟು ನೆಂಟರು ಬಂದರೂ ಆ ನಂಬರ್ ಬೇರೆಯವರಿಗೆ ಹೋಗುವುದಿಲ್ಲ.

ಆಮೇಲೆ ಕಂಪ್ಯೂಟರನ್ನು ಮತ್ತೆ ಆಟೋಮ್ಯಾಟಿಕ್‌ಗೆ ತಂದೆ. ಇದನ್ನು ಬಿಡಬಾರದು. 192.168.1.50 ಈಗ ರೂಟರ್ ಹಂಚುವ ಸಾಲಿನೊಳಗೇ ಬಂದಿತ್ತು. ಹಾಗೇ ಬಿಟ್ಟಿದ್ದರೆ ಅದೇ ನಂಬರ್ ಯಾವುದಾದರೂ ಫೋನಿಗೂ ಹೋಗಿ, ಎರಡರದ್ದೂ ನೆಟ್ ಆಗಾಗ ಕೈಕೊಡಬಹುದಿತ್ತು. ಅಂಥ ತೊಂದರೆ ಹುಡುಕುವುದು ಇದಕ್ಕಿಂತ ಕಷ್ಟ.

ಕೊನೆಗೆ ಬೇಕಂತಲೇ ಕಂಪ್ಯೂಟರ್ ಶಟ್‌ಡೌನ್ ಮಾಡಿ, ರೂಟರಿನ ಸ್ವಿಚ್ ಆರಿಸಿ ಹಾಕಿದೆ. ಮನೆಯ ಫೋನುಗಳೆಲ್ಲ ವೈಫೈಗೆ ವಾಪಸ್ ಸೇರುವವರೆಗೆ ಕಾದು, ಎಲ್ಲಕ್ಕಿಂತ ಕೊನೆಗೆ ಕಂಪ್ಯೂಟರ್ ಹಚ್ಚಿದೆ. 192.168.1.20 ಬಂತು, ಗೇಟ್‌ವೇ ಸಾಲೂ ತುಂಬಿತ್ತು. ನನ್ನ ಫೋನಿಗೂ ಅಡ್ರೆಸ್ ಸಿಕ್ಕಿತು. ಭಾವ ಬಿಲ್ಲುಗಳ ಕಟ್ಟು ಹಿಡಿದು ರಿಟರ್ನ್ ತುಂಬಲು ಕೂತರು. ನಾನು ರೂಟರಿನ ಪ್ಲಗ್ಗನ್ನು ಇನ್ವರ್ಟರ್ ಲೈನಿಗೆ ಬದಲಿಸಿದೆ.