45 ಗಿಟುಕು, 900 ಅಡಿ ಬೋರು, ಒಂದು ನಾಟಕ

ಮೊದಲು ದುಡ್ಡಿನ ಲೆಕ್ಕ ಹೇಳಿಬಿಡುತ್ತೇನೆ. ತಿಪಟೂರಿನಲ್ಲಿ ಸಿಕ್ಕಿದವರೆಲ್ಲ ಕೇಳುವುದು ಅದನ್ನೇ. ನಮ್ಮ ಹಿಂದಿನ ನಾಟಕಕ್ಕೆ 70 ಸಾವಿರದ ಹತ್ತಿರ ಹೋಗಿತ್ತು. ಹಾಲ್ ಬಾಡಿಗೆ, ಲೈಟು, ಮೈಕು, ಪ್ಲೈವುಡ್ ಸೆಟ್ಟು, ಅದನ್ನು ಸಾಗಿಸಲು ಟೆಂಪೋ. ವಾಪಸ್ ಬಂದದ್ದು 11 ಸಾವಿರ. 400 ಸೀಟಿನ ಹಾಲ್‌ನಲ್ಲಿ ಕೂತವರು 40 ಜನ, ಅದರಲ್ಲಿ ಅರ್ಧ ನಮ್ಮ ನೆಂಟರೇ. ಈ ಸಲದ್ದು ಬೋರ್‌ವೆಲ್ ಕೊರೆಸುವ ಗಂಡ ಹೆಂಡತಿಯ ನಾಟಕ. ಅದಕ್ಕೆ ಶುರುವಿನಲ್ಲಿ ಹಾಕಿದ್ದು 19 ಸಾವಿರ. ಅದರಲ್ಲಿ ನಾಲ್ಕು ಸಾವಿರ ಬರೀ ಟೀ, ಮಂಡಕ್ಕಿ. ಇಲ್ಲಿವರೆಗೆ 23 ಶೋ ಆಗಿದೆ. ಯಾರ ಹತ್ತಿರವೂ ಸಾಲ ಇಲ್ಲ.

ನಮ್ಮದು ಏಳು ಜನರ ತಂಡ. ಯಾರೋ ಬರೆದ ನಾಟಕ ಆಡುವುದಿಲ್ಲ, ನಮ್ಮದೇ ಕಟ್ಟಬೇಕು ಅನ್ನೋದು ಹಠ. ಹೆಗ್ಗೋಡಿನ ನೀನಾಸಂ ರಂಗಸಂಸ್ಥೆಯವರು 1985ರಲ್ಲಿ ಊರೂರು ಸುತ್ತಿ ನಾಟಕ ಆಡುವ ತಿರುಗಾಟ ಶುರು ಮಾಡಿದರು. ಅವರ ನಾಟಕಕ್ಕೆ ಜನ ಕಾದು ಬರುತ್ತಾರೆ. ಅವರ ಹಾಗೆ ಮಾಡಲು ಹೋಗಿಯೇ ನಾವು ಕೆಟ್ಟದ್ದು. ಅವರು ದಿನವಿಡೀ ತಾಲೀಮು ಮಾಡುವವರು. ನಮ್ಮಲ್ಲಿ ಒಬ್ಬನಿಗೆ ಬ್ಯಾಂಕ್ ಬಿಡುವುದೇ ಏಳಕ್ಕೆ, ಇನ್ನೊಬ್ಬ ಕೊನೆಯ ಬಾಡಿಗೆ ಮುಗಿಸಿ ಆಟೋ ನಿಲ್ಲಿಸಿ ಬರಬೇಕು.

ಹಾಗಾಗಿ ಈ ಸಲ ಹಾಲ್ ಬೇಡ ಅಂತ ಒಂದು ಕೊಬ್ಬರಿ ಗೋಡೌನ್ ಹಿಡಿದೆವು. ಅಟ್ಟದ ಕಾಯಿ ಇಳಿಸಿ ಮಾರಿದ ಮೇಲೆ, ಹೊಸ ಕಾಯಿ ತುಂಬುವ ತನಕ ಅದು ಖಾಲಿ. ಬಾಡಿಗೆ ಇಲ್ಲ, ಗುಡಿಸಿಕೊಳ್ಳುವ ಕೆಲಸ ನಮ್ಮದು. ಮೂರು ದಿನ ಗುಡಿಸಿದೆವು. ಆ ಧೂಳಿಗೆ ಒಂದು ವಾರ ಎಲ್ಲರ ಗಂಟಲೂ ಕಟ್ಟಿತ್ತು.

ಸ್ಕ್ರಿಪ್ಟ್ ಬರೆಯಲಿಲ್ಲ. ಎರಡು ತಿಂಗಳು ಸುಮ್ನೆ ಸೀನ್ ಆಡುತ್ತಾ ಹೋದೆವು. ಅರ್ಧ ಬೆಂದಾಗಲೇ ಹನ್ನೆರಡು ಜನರನ್ನು ಕರೆದು ತೋರಿಸಿದೆವು. ನಮ್ಮೂರಿನ ಹಿರಿಯ ನಟರೊಬ್ಬರು, ‘ಹಸಿ ಅನ್ನ ಬಡಿಸ್ತಿದ್ದೀರಿ’ ಅಂದು ಎದ್ದು ಹೋದರು. ಆದರೆ ಅವತ್ತೇ ನಾಟಕ ಸಿಕ್ಕಿದ್ದು. ಬೋರ್ ಲಾರಿಯಲ್ಲಿ ಕೆಲಸ ಮಾಡಿದ ಹುಡುಗನೊಬ್ಬ ಬಂದಿದ್ದ. ನಾವು ಗಂಡ ಹೆಂಡತಿ ಕೈಲಿ ಉದ್ದುದ್ದ ಮಾತಾಡಿಸಿದ್ದೆವು. ಅವನು ಹೇಳಿದ: ‘ಲಾರಿ ಬಂದ ಮೇಲೆ ಯಾರೂ ಮಾತಾಡಲ್ಲ ಸಾರ್. ಆ ಸದ್ದಲ್ಲಿ ಕೇಳೋದೂ ಇಲ್ಲ. ಎಲ್ರೂ ರಾಡು ಎಣಿಸ್ತಾರೆ.’

ಬೋರ್ ಕೊರೆಯುತ್ತಾ ಒಂದಾದ ಮೇಲೊಂದು ಇಳಿಸುವ ರಾಡು ಒಂದಕ್ಕೆ 20 ಅಡಿ. ಬಿಲ್ಲು ಅಡಿ ಲೆಕ್ಕ, ಆಳಕ್ಕೆ ಹೋದಷ್ಟೂ ರೇಟು ಜಾಸ್ತಿ. ಅಂದರೆ ಎಣಿಸುವುದು ನೀರನ್ನಲ್ಲ, ಸಾಲವನ್ನ. ಆ ಉದ್ದುದ್ದ ಮಾತನ್ನೆಲ್ಲ ಕಿತ್ತು ಹಾಕಿದೆವು. ಈಗ ಬಾಗಿಲಲ್ಲೇ ನೋಡುಗರ ಕೈಗೆ ಒಂದೊಂದು ಗಿಟುಕು, ಅಂದರೆ ಒಳಗೇ ಒಣಗಿ ಕೊಬ್ಬರಿಯಾದ ಇಡೀ ಕಾಯಿ, ಕೊಡುತ್ತೇವೆ. ಅಲ್ಲಾಡಿಸಿದರೆ ಲೊಟಲೊಟ ಅನ್ನುವಂಥದ್ದು, ಚಿಪ್ಪಿನ ಸಮೇತ. ಜಾಗ 45 ಜನಕ್ಕೆ. ಒಂದೊಂದು ರಾಡು ಇಳಿದಾಗಲೂ ಹೆಂಡತಿ ಪಾತ್ರದವಳು ಒಬ್ಬರ ಮುಂದೆ ಬಂದು ಕೈ ಚಾಚುತ್ತಾಳೆ. ಕಾಯಿ ತೆಗೆದುಕೊಂಡು, ಕಿವಿ ಹತ್ತಿರ ಅಲ್ಲಾಡಿಸಿ, ನೆಲದ ಮೇಲೆ ಸಾಲಾಗಿ ಇಡುತ್ತಾಳೆ. 45 ಕಾಯಿ, 900 ಅಡಿ. ಬರೀ ಧೂಳು. ಇದಕ್ಕೇ ಇಪ್ಪತ್ತು ನಿಮಿಷ ಬೇಕು. ಬೇಸರ ಬರುತ್ತೆ ಅಂತ ನನಗೇ ಭಯವಿತ್ತು. ಆರನೇ ಶೋನಲ್ಲಿ ಹಿಂದೆ ಕೂತಿದ್ದ ಒಬ್ಬ ಅಜ್ಜ ಮೆಲ್ಲಗೆ ‘ಮೂವತ್ತೊಂದು’ ಅಂದರು. ಪಕ್ಕದವರು ‘ಮೂವತ್ತೆರಡು’ ಅಂದರು. ಕೊನೆಗೆ ಇಡೀ ಗೋಡೌನ್ ಎಣಿಸುತ್ತಿತ್ತು. ನಾನು ಸ್ವಿಚ್ ಬೋರ್ಡ್ ಹತ್ತಿರ ಕೂತಿದ್ದವನು ಲೈಟು ಇಳಿಸುವುದನ್ನೇ ಮರೆತೆ.

ಆ ಹೊತ್ತಿಗೆ ಲಾರಿಯ ಅದುರು ಕೂತವರ ಕಾಲಡಿಗೆ ಬರುತ್ತದೆ. ಸ್ಪೀಕರ್ ಇಲ್ಲ, ಮೋಟಾರ್ ಇಲ್ಲ. ಹೇಗೆ ಅಂತ ಬಹಳ ಜನ ಕೇಳಿದ್ದಾರೆ. ಅದನ್ನು ಹೇಳಲ್ಲ. ನಾಟಕದಲ್ಲಿ ನೆಲದಡಿ ನೀರೆಲ್ಲಿದೆ ಅಂತ ನೋಡಿ ಹೇಳುವವನ ಅಂಗೈ ಮೇಲೆ ಕಾಯಿ ತಾನಾಗಿ ಎದ್ದು ನಿಲ್ಲುತ್ತದೆ, ಅದರ ಗುಟ್ಟೂ ಅಷ್ಟೇ.

ಲೈಟಿನ ಕಥೆ ಬೇರೆ. ಹಳೇ ಕಂಪನಿ ನಾಟಕದವರ ಹಾಗೆ, ಲೈಟು ನಿಧಾನಕ್ಕೆ ಇಳಿಸುವ ಉಪ್ಪುನೀರಿನ ಡಿಮ್ಮರ್ ಮಾಡಲು ಹೋಗಿ ನಮ್ಮ ಬ್ಯಾಂಕಿನವನು ಶಾಕ್ ಹೊಡೆಸಿಕೊಂಡ. ದಯವಿಟ್ಟು ಯಾರೂ ಮಾಡಬೇಡಿ, ಅದರಲ್ಲೂ ಮಟ್ಟೆ ನಾರು ಬಿದ್ದಿರುವ ಕಡೆ. ಆಮೇಲೆ ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ತಂದು ಎಲ್‌ಇಡಿ ಹಾಕಿದೆವು. ಮದುವೆ ಮನೆ ಸೀರಿಯಲ್ ಸೆಟ್ ಥರ ಮಿಣಮಿಣ. ಕೊನೆಗೆ 60 ವ್ಯಾಟಿನ ತಂತಿ ಬಲ್ಬು ಹುಡುಕಿ ಐದು ತಂದೆವು. ಅದೇ ರೆಗ್ಯುಲೇಟರಿಗೆ ಬೆಣ್ಣೆ ಹಾಗೆ ಇಳಿಯುತ್ತವೆ.

ಸಮಯದ ವಿಷಯದಲ್ಲೂ ಏಟು ತಿಂದೆವು. ಬೆಂಗಳೂರಿನ ರಂಗಶಂಕರದಲ್ಲಿ ಏಳೂವರೆಗೆ ಶುರುವಾದರೆ ಲೇಟಾಗಿ ಬಂದವರಿಗೆ ಬಾಗಿಲು ತೆರೆಯುವುದಿಲ್ಲ. ನಾವೂ ಹಾಗೇ ಶಿಸ್ತು ಅಂತ ಬಾಗಿಲು ಹಾಕಿದೆವು. ಒಳಗೆ ಒಂಬತ್ತು ಜನ, ಹೊರಗೆ ಡೈರಿಗೆ ಹಾಲು ಹಾಕಿ ಬಂದವರು ಇಪ್ಪತ್ತು. ಈಗ ಎಂಟೂಕಾಲಿಗೆ ಶುರು. ಬಾಗಿಲು ಆಗಲೂ ಹಾಕುತ್ತೇವೆ.

ಟಿಕೆಟ್ ಇಟ್ಟಿಲ್ಲ. ಮೊದಮೊದಲು ಕೊನೆಯಲ್ಲಿ ಟವೆಲ್ ಹಾಸಿದೆವು, ತಲೆಗೆ 30 ರೂಪಾಯಿ ಬಿದ್ದರೆ ಹೆಚ್ಚು. ಆಮೇಲೆ ಹೊಳೆಯಿತು. ನೀವು ಕೊಟ್ಟ ಕಾಯಿಯನ್ನೇ 100 ರೂಪಾಯಿಗೆ ವಾಪಸ್ ಕೊಳ್ಳಿ ಅಂದೆವು. ಕೊನೆಗೆ ನೆಲದ ಮೇಲೆ ಐದಾರು ಕಾಯಿ ಉಳಿದರೆ ಹೆಚ್ಚು. ಕಾಯಿ ರೇಟು ಏರಿದ ಮೇಲೆ ಲಾಭ ಕಡಿಮೆಯಾಯಿತು, ಆದರೂ ನಷ್ಟ ಇಲ್ಲ. ತಮಾಷೆ ಅಂದರೆ ಸುಮಾರು ಜನ ಅದನ್ನು ಒಡೆದೇ ಇಲ್ಲವಂತೆ.

ಬೆಂಗಳೂರಿನ ಒಂದು ತಾರಸಿ ಮೇಲೂ ಆಡಿದೆವು. ಅಲ್ಲಿ ಗಿಟುಕಿನ ಬದಲು ನೀರಿನ ಕ್ಯಾನ್ ಇಡೋಣ, ಟ್ಯಾಂಕರ್ ಕಥೆ ಸೇರಿಸೋಣ ಅಂತ ನನ್ನದೇ ಬುದ್ಧಿವಂತಿಕೆ. ಪೂರ್ತಿ ಮಕಾಡೆ. ಖಾಲಿ ಕ್ಯಾನ್ ಅಲ್ಲಾಡಿಸಿದರೆ ಏನು ಕೇಳಿಸುತ್ತೆ ಹೇಳಿ? ಜನ ನಕ್ಕರು. ಮಾರನೇ ದಿನ ಗಿಟುಕು ತಂದು ಆಡಿದಾಗ ಸುಮ್ಮನೆ ಕೂತು ನೋಡಿದರು, ಎಣಿಸಲಿಲ್ಲ. ಬಂಗಾಳಿ ನಾಟಕಕಾರ ಬಾದಲ್ ಸರ್ಕಾರ್ 70ರ ದಶಕದಲ್ಲೇ ಕೋಲ್ಕತ್ತದಲ್ಲಿ ಕೋಣೆಯೊಳಗೆ, ಜನರ ನಡುವೆಯೇ ನಾಟಕ ಆಡಿಸಿದ್ದರು, ನೀವು ಮಾಡಿದ್ದು ಹೊಸದೇನಲ್ಲ ಅಂತ ಒಬ್ಬರು ಪಾಠ ಮಾಡಿದರು. ಹೊಸದು ಅಂತ ನಾವೂ ಹೇಳಿರಲಿಲ್ಲ, ಅಲ್ವಾ?

ಎದ್ದು ಹೋಗಿದ್ದ ಹಿರಿಯರು ಹದಿನೆಂಟನೇ ಶೋಗೆ ಬಂದರು. ಅವರ ಕೈಯಿಂದ ಕಾಯಿ ತೆಗೆದುಕೊಂಡದ್ದು ನಲವತ್ತನೆಯದಾಗಿ. ನಾಟಕದ ಬಗ್ಗೆ ಏನೂ ಹೇಳಲಿಲ್ಲ, 500ರ ನೋಟು ಕೊಟ್ಟು ಚಿಲ್ಲರೆ ಕೇಳದೆ ಹೋದರು.

ಬರುವ ತಿಂಗಳು ಅಟ್ಟಕ್ಕೆ ಕಾಯಿ ತುಂಬುತ್ತಾರೆ, ಗೋಡೌನ್ ಬಿಟ್ಟುಕೊಡಬೇಕು. ಮುಚ್ಚಿಹೋದ ಒಂದು ರೈಸ್ ಮಿಲ್ ನೋಡಿ ಬಂದಿದ್ದೇನೆ. ಮಾತು ಮೊಳಗುವುದು ಜಾಸ್ತಿ, ಇಲಿಗಳೂ ಜಾಸ್ತಿ. ಭಾನುವಾರ ಪೊರಕೆ ತಗೊಂಡು ಹೋಗುತ್ತಿದ್ದೇವೆ.