ಸಿಂಬಲ್ ಬ್ಯಾಗ್ ಕೊಳ್ಳುವಾಗ ತಳ ಮುಟ್ಟಿ ನೋಡಿ
ಬ್ಯಾಗಿನ ಅಳತೆ ನಿಮ್ಮ ಅತಿ ದೊಡ್ಡ ಸಿಂಬಲ್ಲಿಗೆ, ಅಂದರೆ ಡ್ರಮ್ ಸೆಟ್ಟಿನ ಕಂಚಿನ ತಟ್ಟೆಗೆ, ಹೊಂದಬೇಕು. ರೈಡ್ (ಸಾಮಾನ್ಯವಾಗಿ ಸೆಟ್ಟಿನ ಅತಿ ದೊಡ್ಡ ಸಿಂಬಲ್) 20 ಇಂಚಿದ್ದರೆ 22 ಇಂಚಿನದು ಸಾಕು. 24ರದ್ದು ತಂದರೆ ಒಳಗೆಲ್ಲ ಜಾರಾಡುತ್ತದೆ.

ಮೊದಲು ಹರಿಯುವುದು ತಳ. ಭಾರವೆಲ್ಲ ಸಿಂಬಲ್ಲಿನ ತೆಳ್ಳನೆಯ ಅಂಚಿನ ಮೇಲೆ ಬಿದ್ದು, ಅದು ಲೈನಿಂಗನ್ನು ಕೊಯ್ದು ಹೊಲಿಗೆಯವರೆಗೆ ಇಳಿಯುತ್ತದೆ. ಅಂಗಡಿಯಲ್ಲೇ ಕೈ ಹಾಕಿ ಒತ್ತಿ ನೋಡಿ: ಫೋಮಿನ ಮೇಲೆ ರಬ್ಬರ್ ಅಥವಾ ದಪ್ಪ ರೆಕ್ಸಿನ್ ಪಟ್ಟಿ ಇರಬೇಕು, ಹೊಲಿಗೆ ಎರಡು ಸಾಲು. ಬರೀ ಫೋಮಾದರೆ ಬೇಡ.

ಮಂಗಳೂರಿನ ಉಪ್ಪುಗಾಳಿಗೆ ಲೋಹದ ಜಿಪ್ ಕಚ್ಚಿಕೊಳ್ಳುತ್ತದೆ. ದಪ್ಪ ನೈಲಾನ್ ಜಿಪ್ಪೇ ವಾಸಿ. ಸ್ಕೂಟರಿನವರಿಗೆ ಎರಡು ಹೆಗಲಪಟ್ಟಿ ಬೇಕೇ ಬೇಕು.

‘ವಾಟರ್‌ಪ್ರೂಫ್’ ಚೀಟಿಯನ್ನು ನಮ್ಮ ಜುಲೈ ಮಳೆಯಲ್ಲಿ ನಂಬಬೇಡಿ, ನೀರು ಹೊಲಿಗೆಯಿಂದಲೇ ಇಳಿಯುತ್ತದೆ. ಮೇಲೊಂದು ರೇನ್‌ಕವರ್ ಹಾಕಿ. ಮನೆಗೆ ಬಂದೊಡನೆ ಸಿಂಬಲ್ ಹೊರತೆಗೆದು ಒರೆಸಿ. ಒದ್ದೆ ಬ್ಯಾಗಿನಲ್ಲೇ ಬಿಟ್ಟರೆ ಕಂಚಿಗೆ ಕಿಲುಬು ಹಿಡಿಯುತ್ತದೆ.